ಶಿಶಿರನಿದ್ರೆಯ ಕಾವಲು

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಕನ್ನಡ ಪಂಡಿತನಾದವನು ಷಟ್ಪದಿಯ ಲಕ್ಷಣವನ್ನೋ ಶಬ್ದಮಣಿದರ್ಪಣದ ಒಂದು ಸೂತ್ರದ ವಿಚಾರವನ್ನೋ ಬರೆದಾನೆಂದು ಅವರು ಭಾವಿಸಿದ್ದರೆ ಅದು ಸಹಜವೇ. ಮೂವತ್ತು ವರ್ಷಗಳಿಂದ ನಾನು ಮಾಡುತ್ತ ಬಂದಿರುವ ಉದ್ಯೋಗವೂ ಅದೇ. ಆದರೆ ಈ ಸಲ ನಾನು ಬರೆಯಹೊರಟಿರುವುದು ಒಂದು ಓತಿಯ ನಿದ್ರೆಯನ್ನು ಕುರಿತು. ವಿಷಯ ಅಲ್ಪವೆಂದು ತೋರಬಹುದು. ಒಂದು ಜೀವವನ್ನು ಕಾಪಾಡುವುದೆಂದರೆ ಅದಕ್ಕೆ ಉಣಿಸುವುದು, ಎಬ್ಬಿಸುವುದು, ಬೆಚ್ಚಗಿಡುವುದು ಎಂದೇ ನಾವೆಲ್ಲ ತಿಳಿದಿರುತ್ತೇವೆ. ಉಣಿಸದಿರುವುದು, ಎಬ್ಬಿಸದಿರುವುದು, ತಣ್ಣಗಿಡುವುದು ಇವೇ ಪಾಲನೆಯಾಗುವ ಸಂದರ್ಭವೊಂದನ್ನು ನಾನು ಹತ್ತಿರದಿಂದ ಕಂಡೆನಾದ್ದರಿಂದ, ಅದನ್ನು ನಮ್ಮ ಶಾಲೆಯ ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದಿಡುವುದು ಅನುಚಿತವಾಗಲಾರದೆಂದು ನಂಬಿದ್ದೇನೆ.

ಓತಿ ನಮಗೆ ಅಪರಿಚಿತ ಪ್ರಾಣಿಯಲ್ಲ. ಅಮರಕೋಶವು ಇದಕ್ಕೆ ಸರಟ, ಕೃಕಲಾಸ ಎಂಬ ಹೆಸರುಗಳನ್ನು ಕೊಟ್ಟು, ಮನೆಯ ಹಲ್ಲಿಯನ್ನು ಮುಸಲೀ, ಗೃಹಗೋಧಿಕಾ ಎಂದು ಬೇರೆಯಾಗಿ ಹೇಳುತ್ತದೆ. ನೃಗ ಮಹಾರಾಜನು ಗೋದಾನದಲ್ಲಿ ಘಟಿಸಿದ ಒಂದು ಪ್ರಮಾದದ ಫಲವಾಗಿ ಓತಿಯಾಗಿ ಬಹುಕಾಲ ಬಾವಿಯಲ್ಲಿ ಬಿದ್ದಿದ್ದು, ಶ್ರೀಕೃಷ್ಣನ ಸ್ಪರ್ಶದಿಂದ ಬಿಡುಗಡೆ ಹೊಂದಿದ ಕಥೆ ಭಾಗವತದಲ್ಲಿದೆ. ನಮ್ಮ ಕಾಲಕ್ಕೆ ಬಂದರೆ, 1980ರಲ್ಲಿ ಪ್ರಕಟವಾದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ ಹಾರುವ ಓತಿಯೊಂದನ್ನು ಅರಸಿಕೊಂಡು ಒಂದು ತಂಡವೇ ಕಾಡನ್ನು ಹೊಗುತ್ತದೆ. ಇಷ್ಟಾದರೂ ಬೇಲಿಯ ಮೇಲೆ ಕುಳಿತು ತಲೆ ಕುಣಿಸುವ ಓತಿಕ್ಯಾತನಿಗೆ ಬಾಲ್ಯದಲ್ಲಿ ಒಂದಾದರೂ ಕಲ್ಲು ಬೀಸದವರು ನಮ್ಮ ಕಡೆ ವಿರಳ. ಆ ಬೇಲಿಯ ಓತಿಕ್ಯಾತ, ಪಶ್ಚಿಮ ಘಟ್ಟದ ಹಾರುವ ಓತಿ, ನಾನು ಹೇಳಹೊರಟಿರುವ ಆಸ್ಟ್ರೇಲಿಯದ ಓತಿ, ಈ ಮೂರೂ ಪ್ರಾಣಿಶಾಸ್ತ್ರದಲ್ಲಿ ಅಗಾಮಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ದೂರದ ದಾಯಾದಿಗಳೆನ್ನಬಹುದು.

2023ರ ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ, ಬೇಸಗೆಯ ಬಿಡುವಿಗೆ ಗಳಿಕೆ ರಜೆಯನ್ನು ಜೋಡಿಸಿಕೊಂಡು, ನಾನು ಆಸ್ಟ್ರೇಲಿಯದ ಮೆಲ್ಬರ್ನ್ ನಗರಕ್ಕೆ ಹೋದೆ. ನನ್ನ ತಮ್ಮ ಅಲ್ಲಿ ಎಂಜಿನಿಯರನಾಗಿ ನೆಲೆಸಿದ್ದಾನೆ. ಎಂಬತ್ತೊಂದು ವರ್ಷ ವಯಸ್ಸಿನ ನಮ್ಮ ತಾಯಿಯವರು ಕೆಲವು ತಿಂಗಳುಗಳ ಮಟ್ಟಿಗೆ ಅವನ ಮನೆಗೆ ಹೋಗಿದ್ದರು. ಅವರನ್ನು ಕರೆತರುವುದು ನನ್ನ ಪ್ರಯಾಣದ ಉದ್ದೇಶವಾಗಿತ್ತು. ಭೂಗೋಳದ ಪಾಠದಲ್ಲಿ ಓದಿದ್ದನ್ನು ಮೈಯಿಂದ ಅರಿತದ್ದು ಅಲ್ಲಿಯೇ. ನಮ್ಮ ಗಣನೆಯಲ್ಲಿ ಜ್ಯೇಷ್ಠ ಆಷಾಢಗಳು ಗ್ರೀಷ್ಮ ಋತು. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಆ ದೇಶದಲ್ಲಿ ಅದೇ ಕಾಲ ಚಳಿಗಾಲ. ಜೂನ್ 21ರ ಸುಮಾರಿಗೆ ನಮಗೆ ವರ್ಷದ ಅತಿ ದೀರ್ಘವಾದ ಹಗಲು. ಮೆಲ್ಬರ್ನಿನಲ್ಲಿ ಅದು ಅತಿ ಹ್ರಸ್ವವಾದ ಹಗಲು, ಒಂಬತ್ತೂವರೆ ಗಂಟೆಯಷ್ಟೇ. ಸೂರ್ಯನು ಅಲ್ಲಿ ಉತ್ತರದ ಕಡೆಗೆ ವಾಲಿ ಸಾಗುವುದರಿಂದ ಮನೆಯ ದಕ್ಷಿಣ ದಿಕ್ಕಿನ ಕೋಣೆ ಬಿಸಿಲು ಕಾಣದೆ ತಣ್ಣಗಿರುತ್ತದೆ. ಮುಂದೆ ಹೇಳುವ ಸಂಗತಿಯೆಲ್ಲ ನಡೆದದ್ದು ಆ ದಕ್ಷಿಣದ ಕೋಣೆಯಲ್ಲಿ.

ತಮ್ಮನ ಮಗಳಿಗೆ ಆಗ ಹನ್ನೆರಡು ವರ್ಷ. ಅವಳು ಸಾಕಿಕೊಂಡಿದ್ದುದು ಆ ದೇಶದ ಒಳನಾಡಿನ ಒಣಭೂಮಿಗೆ ಸೇರಿದ ಗಡ್ಡದ ಓತಿ. ಅಲ್ಲಿಯವರು ಅದನ್ನು ‘ಬಿಯರ್ಡೆಡ್ ಡ್ರ್ಯಾಗನ್’ ಎನ್ನುತ್ತಾರೆ. ಶಾಸ್ತ್ರೀಯ ನಾಮ ಪೊಗೋನಾ ವಿಟಿಸೆಪ್ಸ್. ಗ್ರೀಕ್ ಭಾಷೆಯಲ್ಲಿ ‘ಪೊಗೋನ್’ ಎಂದರೆ ಗಡ್ಡ. ಗಂಟಲಿನ ಸುತ್ತ ಮುಳ್ಳುಮುಳ್ಳಾದ ಚರ್ಮವಿದ್ದು, ಕೆರಳಿದಾಗ ಅದು ಉಬ್ಬಿ ಕಪ್ಪಾಗುತ್ತದೆ. ನಮ್ಮ ತಾಯಿಯವರು ಅದಕ್ಕೆ ‘ಗಡ್ಡಪ್ಪ’ ಎಂದು ನಾಮಕರಣ ಮಾಡಿದ್ದರು. ಮಗುವೂ ಅದೇ ಹೆಸರನ್ನು ಒಪ್ಪಿಕೊಂಡಿತ್ತು. ಮೂರು ವರ್ಷದ ಪ್ರಾಣಿ; ಮೂಗಿನಿಂದ ಬಾಲದ ತುದಿಯವರೆಗೆ ಒಂದೂವರೆ ಅಡಿ ಉದ್ದ. ನೆತ್ತಿಯ ಮೇಲೆ ಒಂದು ಹುರುಪೆಯ ನಡುವೆ ಚುಕ್ಕೆಯಷ್ಟು ಸಣ್ಣದಾದ ಮೂರನೆಯ ಕಣ್ಣೊಂದಿದೆ. ಆಕಾರಗಳನ್ನು ಕಾಣುವ ಶಕ್ತಿ ಅದಕ್ಕಿಲ್ಲ. ಬೆಳಕನ್ನೂ ನೆರಳನ್ನೂ ಮಾತ್ರ ಅರಿಯುತ್ತದೆ. ಹಣೆಗಣ್ಣನ ಕಥೆಗಳನ್ನು ಹೇಳಿ ಬೆಳೆದ ನನಗೆ ಇದೊಂದು ಕೌತುಕವಾಯಿತು. ಅಲ್ಲಿ ಇಂಥ ಪ್ರಾಣಿಯನ್ನು ಕಾಡಿನಿಂದ ಹಿಡಿದು ತರುವಂತಿಲ್ಲ. ಸಾಕಣೆಯಲ್ಲಿ ಹುಟ್ಟಿದ ಮರಿಯನ್ನು ಸರಕಾರದ ಪರವಾನಗಿ ಪಡೆದು ಇಟ್ಟುಕೊಳ್ಳಬೇಕು. ನಮ್ಮ ದೇಶದಲ್ಲಿಯೂ ಉಡವನ್ನು ಹಿಡಿಯುವುದು, ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೆಂಬುದನ್ನು ಪ್ರಸಂಗವಶಾತ್ ನೆನಪಿಸುತ್ತೇನೆ.

ನಾನು ಹೋದ ಹೊಸತರಲ್ಲಿಯೇ ಗಡ್ಡಪ್ಪನ ನಡತೆ ಬದಲಾಯಿತು. ಹುಳುಗಳನ್ನು ಕಂಡರೆ ಹಾರಿ ಹಿಡಿಯುತ್ತಿದ್ದ ಪ್ರಾಣಿ ಮುಖ ತಿರುಗಿಸತೊಡಗಿತು. ದೀಪದ ಕೆಳಗಿನ ಕಲ್ಲನ್ನು ಬಿಟ್ಟು ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿದ್ದ ಮರದ ಪೊಟರೆಯನ್ನು ಸೇರಿ ಅಲ್ಲಿಯೇ ಹೊತ್ತು ಕಳೆಯತೊಡಗಿತು. ಮೈಗೆ ಏನೋ ಆಗಿದೆಯೆಂದು ಮನೆಯವರೆಲ್ಲ ಶಂಕಿಸಿದರು. ಮಗು ಮಾತ್ರ ಗಾಬರಿಯಾಗಲಿಲ್ಲ. “ದೊಡ್ಡಪ್ಪಾ, ಇದಕ್ಕ ಚಳಿಗಾಲದ ನಿದ್ದಿ ಬರ್ಲಿಕ್ಕತ್ತದ. ಆದ್ರ ಮೊದಲು ಡಾಕ್ಟರ್‌ಗೆ ತೋರಿಸಬೇಕು” ಎಂದಳು. ಈ ಎರಡು ವಾಕ್ಯಗಳಲ್ಲಿ ಎರಡನೆಯದೇ ಮುಖ್ಯವೆಂಬುದು ನನಗೆ ಆಮೇಲೆ ಮನವರಿಕೆಯಾಯಿತು.

ಚಳಿಗಾಲದ ನಿದ್ರೆಗೆ ನಮ್ಮ ವಿಜ್ಞಾನದ ಪುಸ್ತಕಗಳಲ್ಲಿ ಶಿಶಿರನಿದ್ರೆ ಎಂಬ ಸೊಗಸಾದ ಪದವಿದೆ. ಆದರೆ ಸಸ್ತನಿಗಳ ಶಿಶಿರನಿದ್ರೆಗೂ ಸರೀಸೃಪಗಳ ಶಿಶಿರನಿದ್ರೆಗೂ ಭೇದವಿದೆಯೆಂದು ವಿದ್ವಾಂಸರು ಹೇಳುತ್ತಾರೆ. ಈ ಭೇದವನ್ನು ಗುರುತಿಸುವುದಕ್ಕಾಗಿ ಅಮೆರಿಕದ ವಿಲ್ಬರ್ ಮೇಹ್ಯೂ ಎಂಬ ಪ್ರಾಣಿವಿಜ್ಞಾನಿ 1965ರಲ್ಲಿ, ಮರುಭೂಮಿಯ ಕೊಂಬಿನ ಓತಿಗಳನ್ನು ಕುರಿತ ಪ್ರಬಂಧದಲ್ಲಿ, ‘ಬ್ರೂಮೇಷನ್’ ಎಂಬ ಹೊಸ ಪದವನ್ನು ಬಳಕೆಗೆ ತಂದನು. ಲ್ಯಾಟಿನ್ ಭಾಷೆಯ ‘ಬ್ರೂಮಾ’ ಎಂಬ ಶಬ್ದದಿಂದ ಅದು ಹುಟ್ಟಿದೆ. ವರ್ಷದ ಅತಿ ಹ್ರಸ್ವವಾದ ದಿನವೆಂದು ಅದರ ಅರ್ಥ. ಸಸ್ತನಿಗಳಿಗೆ ದೇಹದೊಳಗೇ ಒಂದು ಒಲೆ ಉರಿಯುತ್ತಿರುತ್ತದೆ. ಶಿಶಿರನಿದ್ರೆಗೆ ಹೋಗುವ ಸಸ್ತನಿ ಅದನ್ನು ತಾನೇ ಸಣ್ಣಗೆ ಮಾಡಿಕೊಂಡು, ಮೈಯಲ್ಲಿ ಕೂಡಿಸಿಟ್ಟ ಕೊಬ್ಬನ್ನು ಸೌದೆಯಾಗಿ ಉರಿಸುತ್ತದೆ. ಓತಿಗೆ ಅಂಥ ಒಲೆಯಿಲ್ಲ. ಅದರ ಮೈಯ ಬಿಸಿ ಬಿಸಿಲಿನಿಂದಲೋ ಕಾದ ಕಲ್ಲಿನಿಂದಲೋ ಸಾಲವಾಗಿ ಬಂದದ್ದು. ಸಾಲ ಕೊಡುವ ಸೂರ್ಯನೇ ಕೈಹಿಡಿದಾಗ ಅದು ನೆಲದೊಳಗೋ ತರಗೆಲೆಗಳ ಅಡಿಯಲ್ಲೋ ಅಡಗಿ, ಉಸಿರನ್ನೂ ಎದೆಬಡಿತವನ್ನೂ ಮಂದಗೊಳಿಸಿ, ಕಾಲವನ್ನು ಕಳೆಯುತ್ತದೆ. ಅದು ಗಾಢನಿದ್ರೆಯಲ್ಲ, ನಡುನಡುವೆ ಎಚ್ಚೆತ್ತು ನೀರು ಕುಡಿಯುವುದುಂಟು, ಮಗ್ಗುಲು ಬದಲಿಸುವುದುಂಟು.

ಓತಿಯ ನಿದ್ರೆಯನ್ನು ವಿಜ್ಞಾನಿಗಳೇನೂ ಅಲ್ಪವೆಂದು ಬಗೆದಿಲ್ಲ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಮಿದುಳು ಸಂಶೋಧನಾ ಸಂಸ್ಥೆಯವರು 2016ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಇದೇ ಗಡ್ಡದ ಓತಿಯನ್ನು ಆರಿಸಿಕೊಂಡಿದ್ದರು. ಇದರ ರಾತ್ರಿಯ ನಿದ್ರೆಯಲ್ಲಿಯೂ ಮನುಷ್ಯರಲ್ಲಿರುವಂತೆಯೇ ಎರಡು ಅವಸ್ಥೆಗಳಿದ್ದು, ಮಂದವಾದ ಅಲೆಗಳ ಅವಸ್ಥೆಯೂ ಕಣ್ಣಾಲಿಗಳು ಚಲಿಸುವ ಅವಸ್ಥೆಯೂ ಸುಮಾರು 80 ಸೆಕೆಂಡುಗಳ ಆವರ್ತದಲ್ಲಿ ಒಂದಾದ ಮೇಲೊಂದು ಬರುತ್ತವೆಯೆಂದು ಅವರು ಕಂಡುಕೊಂಡರು. ಮನುಷ್ಯನಲ್ಲಿ ಕನಸುಗಳು ಹೆಚ್ಚಾಗಿ ಬೀಳುವುದು ಆ ಎರಡನೆಯ ಅವಸ್ಥೆಯಲ್ಲಿ. ಬೇಲಿಯ ಮೇಲಿನ ಪ್ರಾಣಿಗೆ ಕಲ್ಲು ಬೀಸುವ ಮುನ್ನ ಇದನ್ನೊಮ್ಮೆ ನೆನೆಯಬಹುದು.

ಮೇ ತಿಂಗಳ ಮೊದಲ ವಾರದಲ್ಲಿ ಪಶುವೈದ್ಯೆಯೊಬ್ಬರ ಬಳಿಗೆ ಹೋದೆವು. ಅವರು ಗಡ್ಡಪ್ಪನನ್ನು ತೂಗಿದರು, ಬಾಯಿಯನ್ನು ತೆರೆಸಿ ನೋಡಿದರು, ಮಲವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಕರುಳಿನಲ್ಲಿ ಜಂತುಗಳಿದ್ದರೆ ಮಲಗಿಸಬಾರದಂತೆ. ಮೈ ತಣ್ಣಗಾದಾಗ ರೋಗವನ್ನು ಎದುರಿಸುವ ಶಕ್ತಿಯೂ ತಗ್ಗುವುದರಿಂದ, ಎಚ್ಚರದಲ್ಲಿ ತಡೆದುಕೊಂಡ ಬಾಧೆಯೇ ನಿದ್ರೆಯಲ್ಲಿ ಪ್ರಾಣವನ್ನು ತೆಗೆಯಬಹುದು. ಒಂದು ವರ್ಷ ತುಂಬದ ಮರಿಯನ್ನೂ ಬಡಕಲಾದ ಪ್ರಾಣಿಯನ್ನೂ ಮಲಗಿಸಬಾರದು. ಮಲಗಿಸಲೇಬೇಕೆಂಬ ನಿರ್ಬಂಧವೂ ಇಲ್ಲ. ವರ್ಷವಿಡೀ ಎಚ್ಚರವಾಗಿರುವ ಸಾಕುಪ್ರಾಣಿಗಳೂ ಉಂಟು. ಆದರೆ ಆರೋಗ್ಯವಾಗಿರುವ ಪ್ರಾಣಿ ತಾನಾಗಿಯೇ ನಿದ್ರೆಯ ಕಡೆಗೆ ಹೊರಟಾಗ ಅದನ್ನು ಅತ್ತ ಬೆಚ್ಚಗೂ ಇತ್ತ ತಣ್ಣಗೂ ಅಲ್ಲದ ಸ್ಥಿತಿಯಲ್ಲಿ ಇಡುವುದು ಅಪಾಯಕರ. ಉಣ್ಣುವಷ್ಟು ಎಚ್ಚರವೂ ಇರದು, ಮೈಯ ಸಂಗ್ರಹವನ್ನು ಉಳಿಸಿಕೊಳ್ಳುವಷ್ಟು ನಿದ್ರೆಯೂ ಇರದು. ಪರೀಕ್ಷೆಯಲ್ಲಿ ಯಾವ ದೋಷವೂ ಕಂಡುಬರಲಿಲ್ಲವಾದ್ದರಿಂದ ವೈದ್ಯೆ ಮಲಗಿಸಲು ಒಪ್ಪಿಗೆಯಿತ್ತರು.

ತೊಡಕು ಉಂಟಾದದ್ದು ಮನೆಯಲ್ಲಿ. ಮಲಗುವ ಮುನ್ನ ಎರಡು ವಾರ ಪ್ರಾಣಿಗೆ ಆಹಾರವನ್ನು ಕೊಡಕೂಡದು. ಆದರೆ ದೀಪದ ಬಿಸಿಯನ್ನು ಮಾತ್ರ ಎಂದಿನಂತೆ ಇಡಬೇಕು. ಓತಿಯ ಜಠರ ಕೆಲಸ ಮಾಡುವುದು ಹೊರಗಿನ ಬಿಸಿಯಿಂದ. ಬಿಸಿಲು ಕಾಯುವ ಕಲ್ಲಿನ ಮೇಲೆ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಬಿಸಿಯಿದ್ದರೆ ಮಾತ್ರ ತಿಂದದ್ದು ಜೀರ್ಣವಾಗುತ್ತದೆ. ಕರುಳಿನಲ್ಲಿ ಆಹಾರ ಉಳಿದಿರುವಾಗಲೇ ಮೈ ತಣ್ಣಗಾದರೆ ಅದು ಅಲ್ಲಿಯೇ ಕೊಳೆತು ವಿಷವಾಗುತ್ತದೆ. ಆದ್ದರಿಂದ ಮೊದಲು ಊಟ ನಿಲ್ಲಬೇಕು, ಆಮೇಲೆ ಹೊಟ್ಟೆ ಬರಿದಾಗಬೇಕು, ಕೊನೆಗೆ ಬಿಸಿ ಇಳಿಯಬೇಕು. ಈ ಕ್ರಮ ತಪ್ಪಕೂಡದು. ಮೇ 7ರ ಭಾನುವಾರ ಮಗು ಕಡೆಯ ಊಟವನ್ನು ಹಾಕಿ ನಿಲ್ಲಿಸಿದಳು. ನಾಲ್ಕನೆಯ ದಿನಕ್ಕೆ ನಮ್ಮ ತಾಯಿಯವರು ತಡೆದುಕೊಳ್ಳದಾದರು.

“ಮನ್ಯಾಗಿನ ಜೀವಕ್ಕ ಹದಿನೈದು ದಿನ ಕೂಳು ಹಾಕದಂಗ ಇರತೀರಿ, ಅದಕ್ಕ ಪ್ರೀತಿ ಅಂತೀರಿ. ಇದ್ಯಾವ ಊರ ಪ್ರೀತಿ ತಮ್ಮಾ?” ಎಂದು ನನ್ನನ್ನು ಕೇಳಿದರು.

ತಾಯಿಯವರ ಮಾತನ್ನು ಹಗುರವಾಗಿ ಎಣಿಸುವಂತಿರಲಿಲ್ಲ. 1972ರ ಬರಗಾಲದಲ್ಲಿ ನಾನು ಆರು ವರ್ಷದವನು, ತಮ್ಮ ಎದೆಹಾಲು ಕುಡಿಯುವ ಕೂಸು. ಇದ್ದ ಒಂದು ರೊಟ್ಟಿಯನ್ನು ಮುರಿದು ನಮಗೆ ಕೊಟ್ಟು, ತಾವು ನೀರು ಕುಡಿದು ಸೆರಗು ಹಾಸಿ ಮಲಗಿದ ರಾತ್ರಿಗಳು ಅವರ ಬದುಕಿನಲ್ಲಿವೆ. ಮನೆಯೊಳಗೆ ಒಂದು ಬಾಯಿ ಬರಿದಾಗಿದೆಯೆಂದರೆ ಅವರಿಗೆ ತುತ್ತು ಇಳಿಯದು. ಮಗುವು ಅಜ್ಜಿಯ ಪಕ್ಕದಲ್ಲಿ ಕುಳಿತು, “ಅಜ್ಜಿ, ಈಗ ತಿಂದ್ರ ಅದರ ಹೊಟ್ಟ್ಯಾಗ ಎಲ್ಲಾ ಕೊಳೀತದ. ಬಿಸಿ ಇಲ್ಲಂದ್ರ ಅದಕ್ಕ ಅರಗಿಸ್ಲಿಕ್ಕೆ ಆಗೂದಿಲ್ಲ” ಎಂದು ತನಗೆ ತಿಳಿದ ರೀತಿಯಲ್ಲಿ ವಿವರಿಸಿದಳು. ತಾಯಿಯವರು ಸುಮ್ಮನಾದರೇ ಹೊರತು ಸಮಾಧಾನ ಹೊಂದಲಿಲ್ಲ. ಒಂದು ಕಡೆ ಎಂಬತ್ತೊಂದು ವರ್ಷದ ಅನುಭವ, ಇನ್ನೊಂದು ಕಡೆ ಹನ್ನೆರಡು ವರ್ಷದ ತಿಳಿವಳಿಕೆ, ನಡುವೆ ನಾನು.

ಮರುದಿನ ಬೆಳಗ್ಗೆ ಚಹಾ ಕುಡಿಯುತ್ತಿರುವಾಗ ಅವರೇ ಮಾತೆತ್ತಿದರು. “ಹಂಗಾರ ಇದು ಹಗೇವಿನ ಕೆಲಸ ಅನ್ನು” ಎಂದರು. ಹಗೇವು ಎಂಬುದು ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ನೆಲವನ್ನು ತೋಡಿ ಮಾಡುತ್ತಿದ್ದ ಧಾನ್ಯದ ಕಣಜ. ನಗರಗಳಲ್ಲಿ ಬೆಳೆದ ನಮ್ಮ ಇತ್ತೀಚಿನ ವಿದ್ಯಾರ್ಥಿಗಳು ಅದನ್ನು ಕಂಡಿರಲಾರರು. “ಜ್ವಾಳ ಒಳಗ ಹಾಕೂಕಿಂತ ಮೊದಲ ಚಲೋತ್ನಂಗ ಒಣಗಸ್ತಿದ್ದಿವಿ. ಹಸಿ ಉಳಿದ್ರ ಮುಗ್ಗ ಹಿಡೀತದ. ಬಾಯಿ ಮುಚ್ಚಿದ ಮ್ಯಾಲೆ ಯಾರೂ ಮುಟ್ಟತಿದ್ದಿಲ್ಲ. ಈ ಹುಡುಗಿ ಹೇಳೂದೂ ಅದ ಅಲ್ಲೇನು?” ಎಂದು ಕೇಳಿದರು. ಅದೇ ಆಗಿತ್ತು. ವೈದ್ಯೆ ಹೇಳಿದ ಶಾಸ್ತ್ರವೂ ಮಗು ಓದಿಕೊಂಡ ಪುಸ್ತಕವೂ ತಾಯಿಯವರ ಹಗೇವೂ ಒಂದೇ ಸೂತ್ರದ ಮೂರು ವ್ಯಾಖ್ಯಾನಗಳಾಗಿದ್ದವು. ಅಂದಿನಿಂದ ಅವರು ಗಡ್ಡಪ್ಪನ ಊಟದ ಮಾತನ್ನು ಎತ್ತಲಿಲ್ಲ. ಬದಲಾಗಿ, “ಹೊಟ್ಟಿ ಖಾಲಿ ಆತೇನು?” ಎಂದು ದಿನವೂ ವಿಚಾರಿಸತೊಡಗಿದರು.

ಮೇ 21ರ ವೇಳೆಗೆ ಹೊಟ್ಟೆ ಬರಿದಾಗಿತ್ತು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ 412 ಗ್ರಾಂ ಬಂದಿತು. ಮಗು ಒಂದು ನೋಟುಬುಕ್ಕಿನಲ್ಲಿ ಗೆರೆ ಎಳೆದು ದಿನಾಂಕ, ತೂಕ, ಉಷ್ಣತೆ ಎಂದು ಮೂರು ಅಂಕಣಗಳನ್ನು ಮಾಡಿಕೊಂಡಳು. ಮುಂದಿನ ಎರಡು ವಾರ ದೀಪ ಉರಿಯುವ ಅವಧಿಯನ್ನು ಹನ್ನೆರಡು ಗಂಟೆಯಿಂದ ಎಂಟು ಗಂಟೆಗೆ ಸ್ವಲ್ಪಸ್ವಲ್ಪವಾಗಿ ಇಳಿಸಿದರು. ಬಿಸಿಯನ್ನೂ ಹಾಗೆಯೇ ಮೆಲ್ಲಮೆಲ್ಲನೆ ತಗ್ಗಿಸಿದರು. ಒಮ್ಮೆಲೇ ಆರಿಸಿಬಿಟ್ಟರೆ ಪ್ರಾಣಿಗೆ ಅದು ಆಘಾತವಾಗುತ್ತದೆ. ಕಾಡಿನಲ್ಲಿ ಶರತ್ಕಾಲವು ಒಂದೇ ದಿನದಲ್ಲಿ ಮುಗಿಯುವುದಿಲ್ಲವಷ್ಟೆ. ಜೂನ್ 4ರ ಭಾನುವಾರ ಗಡ್ಡಪ್ಪ ಪೊಟರೆಯೊಳಗೆ ಹೋಗಿ, ಒಣಹುಲ್ಲನ್ನು ಕೆದರಿ, ಮುಖವನ್ನು ಗೋಡೆಗೆ ಮಾಡಿ ಮಲಗಿತು. ಆ ಹೊತ್ತಿನ ತೂಕ 406 ಗ್ರಾಂ. ಪೆಟ್ಟಿಗೆಯ ಉಷ್ಣತೆ 15ರಿಂದ 20 ಡಿಗ್ರಿಗಳ ನಡುವೆ ಇರಬೇಕೆಂದು ವೈದ್ಯೆ ಹೇಳಿದ್ದರು. ಮೆಲ್ಬರ್ನಿನಲ್ಲಿ ಜೂನ್ ತಿಂಗಳ ರಾತ್ರಿಗಳು ಏಳೆಂಟು ಡಿಗ್ರಿಗೆ ಇಳಿಯುವುದರಿಂದ, ಕೋಣೆ ತೀರ ತಣಿಯದಂತೆ ತಮ್ಮನು ಒಂದು ಥರ್ಮೋಸ್ಟಾಟನ್ನು ಜೋಡಿಸಿದ್ದನು. ಒಂದು ತಟ್ಟೆಯಲ್ಲಿ ಶುದ್ಧವಾದ ನೀರನ್ನು ಇಟ್ಟು ದಿನವೂ ಬದಲಾಯಿಸುತ್ತಿದ್ದರು. ಊಟಕ್ಕೆ ರಜೆಯುಂಟು, ನೀರಿಗೆ ರಜೆಯಿಲ್ಲ.

ಮಲಗಿದ ಮೇಲಿನ ಕಾವಲು ಮಲಗಿಸುವ ಸಿದ್ಧತೆಗಿಂತ ಕಠಿನವಾದದ್ದು. ಎಬ್ಬಿಸಕೂಡದು, ಆದರೆ ಮರೆಯಲೂ ಕೂಡದು. ಕೋಣೆಯಲ್ಲಿ ಟಿ.ವಿ. ಹಾಕುವುದನ್ನು ನಿಲ್ಲಿಸಿದರು. ಮಗು ಬೆಳಗ್ಗೆ ಶಾಲೆಗೆ ಹೋಗುವ ಮುನ್ನ ಬರಿಗಾಲಿನಲ್ಲಿ ಬಂದು, ಪಕ್ಕೆಗಳು ಏಳುತ್ತ ಬೀಳುತ್ತ ಇವೆಯೇ ಎಂದು ಟಾರ್ಚಿನ ಬೆಳಕನ್ನು ಗೋಡೆಯ ಮೇಲೆ ಬಿಟ್ಟುಕೊಂಡು ನೋಡುತ್ತಿದ್ದಳು. ಆ ಮಂದಗತಿಯ ಉಸಿರನ್ನು ಕಾಣಬೇಕಾದರೆ ನಮ್ಮ ಉಸಿರನ್ನು ಬಿಗಿಹಿಡಿದು ನಿಲ್ಲಬೇಕಾಗುತ್ತಿತ್ತು. ಹಗೇವಿನೊಳಗೆ ಇಳಿಯುವ ಮೊದಲು ಕಂದೀಲನ್ನು ಇಳಿಬಿಟ್ಟು, ಅದು ಆರದೆ ಉರಿಯುತ್ತಿದೆಯೇ ಎಂದು ಹಿರಿಯರು ನೋಡುತ್ತಿದ್ದ ಕ್ರಮವನ್ನು ತಾಯಿಯವರು ಅವಳಿಗೆ ಹೇಳಿಕೊಟ್ಟರು. ಭಾನುವಾರಕ್ಕೊಮ್ಮೆ ಮಾತ್ರ ಎರಡೂ ಅಂಗೈಗಳಲ್ಲಿ ಎತ್ತಿ ತೂಗುವುದು. ಜೂನ್ 11ರಂದು 401 ಗ್ರಾಂ. ಮಲಗುವಾಗಿನ ತೂಕದಲ್ಲಿ ಹತ್ತರಲ್ಲೊಂದು ಪಾಲು ಕಡಿಮೆಯಾದರೆ ಅದು ನಿದ್ರೆಯಲ್ಲ, ವ್ಯಾಧಿ ಎಂದು ತಿಳಿಯಬೇಕೆಂಬ ಲೆಕ್ಕವನ್ನು ಮಗು ನೋಟುಬುಕ್ಕಿನ ಮೇಲಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದಳು.

ಜೂನ್ 18ರಂದು ತಕ್ಕಡಿ 386 ಗ್ರಾಂ ತೋರಿಸಿತು. ಒಂದೇ ವಾರದಲ್ಲಿ 15 ಗ್ರಾಂ ಇಳಿದಿತ್ತು. ಕೆಂಪು ಶಾಯಿಯ ಗಡಿಯನ್ನು ಇನ್ನೂ ಮುಟ್ಟಿರಲಿಲ್ಲವಾದರೂ ಕಣ್ಣುಗಳು ಒಳಗೆ ಸೇದಿದಂತಿದ್ದವು. ಚರ್ಮವನ್ನು ಮೆಲ್ಲನೆ ಹಿಡಿದೆತ್ತಿದರೆ ಮಡಿಕೆ ಹಾಗೆಯೇ ನಿಲ್ಲುತ್ತಿತ್ತು. ಮಗುವಿನ ಮುಖ ಬಿಳಿಚಿಕೊಂಡಿತು. ಎಬ್ಬಿಸಿಬಿಡೋಣವೆಂದು ತಮ್ಮನು ದೀಪದ ಗುಂಡಿಯ ಮೇಲೆ ಕೈಯಿಟ್ಟನು. ಆಗ ಮಗು, “ಅಪ್ಪಾ, ತಡಿ. ಮೊದಲು ಕೇಳೋಣು” ಎಂದು ವೈದ್ಯೆಗೆ ದೂರವಾಣಿ ಮಾಡಿದಳು. ಮೂಗಿನಲ್ಲಿ ಗುಳ್ಳೆಯೋ ಲೋಳೆಯೋ ಇದೆಯೇ, ಬಾಯಿ ತೆರೆದು ಉಸಿರಾಡುತ್ತಿದೆಯೇ, ಭೇದಿಯಾಗಿದೆಯೇ ಎಂದು ಅವರು ಒಂದೊಂದಾಗಿ ಕೇಳಿದರು. ಯಾವುದೂ ಇರಲಿಲ್ಲ. ಹಾಗಾದರೆ ಇದು ಬಾಯಾರಿಕೆ, ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಡಿ, ಭುಜ ಮುಳುಗದಷ್ಟು ನೀರಿರಲಿ ಎಂದರು. ಅಗಲವಾದ ಬೋಗುಣಿಯಲ್ಲಿ ಗಡ್ಡಪ್ಪನನ್ನು ಇಳಿಸಿದೆವು. ನಾಲ್ಕೈದು ನಿಮಿಷ ಯಾವ ಚಲನೆಯೂ ಇಲ್ಲ. ಅನಂತರ ಅದು ಕಣ್ಣನ್ನು ಅರೆತೆರೆದು, ಮೂತಿಯನ್ನು ಬಗ್ಗಿಸಿ, ನಾಲಗೆಯಿಂದ ನೀರನ್ನು ಮುಟ್ಟಿತು, ಮತ್ತೆ ಮುಟ್ಟಿತು, ಬಹಳ ಹೊತ್ತು ಕುಡಿಯಿತು. ತಾಯಿಯವರು ತಮ್ಮ ಮೆತ್ತನೆಯ ಹಳೆಯ ಸೀರೆಯ ತುಂಡಿನಲ್ಲಿ ಅದನ್ನು ತೇವವಿಲ್ಲದಂತೆ ಒರೆಸಿದರು. ತೇವ ಉಳಿದರೆ ಚಳಿಯಲ್ಲಿ ಶ್ವಾಸಕೋಶಕ್ಕೆ ರೋಗ ತಗಲುತ್ತದೆ. ಮರುದಿನದ ತೂಕ 396 ಗ್ರಾಂ. ಗಡ್ಡಪ್ಪ ಆಗಲೇ ಪೊಟರೆಯನ್ನು ಸೇರಿ ಮುಖವನ್ನು ಗೋಡೆಗೆ ಮಾಡಿಯಾಗಿತ್ತು.

ಹಳಗನ್ನಡದಲ್ಲಿ ‘ಒಱಗು’ ಎಂಬ ಧಾತುವಿದೆ. ಮಲಗು, ನಿದ್ರಿಸು ಎಂದು ಅದರ ಅರ್ಥ. ಇದೇ ಶಬ್ದ ಮರಣವನ್ನೂ ಹೇಳುತ್ತದೆ. ರಣದಲ್ಲಿ ಒರಗಿದನೆಂದರೆ ಮತ್ತೆ ಏಳಲಿಲ್ಲವೆಂದೇ ಅರ್ಥ. ಈ ಎರಡು ಅರ್ಥಗಳನ್ನು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಆ ರಾತ್ರಿ ಬೋಗುಣಿಯ ಪಕ್ಕದಲ್ಲಿ ಕುಳಿತಾಗ ಅವುಗಳ ನಡುವಿನ ಅಂತರ ಎಷ್ಟು ತೆಳುವಾದದ್ದೆಂದು ಕಂಡೆ. ಹೊರಗಿನಿಂದ ನೋಡುವವನಿಗೆ ನಿದ್ರೆ, ಬಾಯಾರಿಕೆ, ವ್ಯಾಧಿ ಮೂರೂ ಒಂದೇ ತೆರನಾಗಿ ಕಾಣುತ್ತವೆ. ಅವುಗಳನ್ನು ಬೇರ್ಪಡಿಸಿ ತೋರಿಸಿದ್ದು ಪ್ರೀತಿಯ ಕಣ್ಣೀರಲ್ಲ. ಪ್ರತಿ ಭಾನುವಾರ ತಪ್ಪದೆ ಬರೆದಿಟ್ಟ ಒಂದು ಅಂಕಿ. ತೂಗದೆ ಇದ್ದಿದ್ದರೆ ಅದು ಸುಖವಾಗಿ ಮಲಗಿದೆಯೆಂದೇ ನಾವೆಲ್ಲ ನಂಬಿರುತ್ತಿದ್ದೆವು.

ಅಧ್ಯಾಪಕ ವೃತ್ತಿಯವನಾದ್ದರಿಂದ ನನ್ನ ಮನಸ್ಸು ತರಗತಿಯ ಕಡೆಗೆ ಹರಿದದ್ದು ಸ್ವಾಭಾವಿಕ. ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗ ಕೆಲವು ತಿಂಗಳು ಮಾತಾಡದೆ, ಉತ್ತರಿಸದೆ ಕುಳಿತಿರುತ್ತಾನೆ. ಅವನಿಗೆ ಪಾಠವನ್ನು ಇನ್ನಷ್ಟು ತುರುಕುವವರುಂಟು. ಅರಗಿಸುವ ಬಿಸಿಯಿಲ್ಲದಾಗ ತುರುಕಿದ್ದು ಒಳಗೇ ಕೊಳೆಯುತ್ತದೆ. ತನ್ನ ಕಾಲ ಬಂದಾಗ ತಾನೇ ಏಳುತ್ತಾನೆಂದು ಕೈಬಿಡುವವರೂ ಉಂಟು. ಅವನು ಬೆಳಗ್ಗೆ ಏನನ್ನಾದರೂ ಉಂಡು ಬಂದಿದ್ದಾನೆಯೇ, ಅವನ ಮನೆಯಲ್ಲಿ ಏನಾಗಿದೆ ಎಂಬುದನ್ನು ಅವರು ವಿಚಾರಿಸುವುದಿಲ್ಲ. ಎಬ್ಬಿಸದೆ ಕಾಯುವುದು, ಕಾಯುತ್ತಲೇ ತೂಗಿ ನೋಡುವುದು, ಈ ಎರಡೂ ಒಟ್ಟಿಗೆ ಕೂಡಿಬರುವುದು ಕಷ್ಟ. ಹನ್ನೆರಡು ವರ್ಷದ ಬಾಲೆಯೊಬ್ಬಳು ಅದನ್ನು ಮಾಡಿದ್ದನ್ನು ಕಂಡದ್ದರಿಂದ ಅಸಾಧ್ಯವೆಂದು ಹೇಳಲಾರೆ.

ಜೂನ್ 30ರಂದು ತಾಯಿಯವರನ್ನು ಕರೆದುಕೊಂಡು ನಾನು ಊರಿಗೆ ಮರಳಿದೆ. ಹೊರಡುವ ಹಿಂದಿನ ಭಾನುವಾರ ತೂಕ 395 ಗ್ರಾಂ ಇತ್ತು. ಅಲ್ಲಿಯ ವೇಳೆ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಮುಂದು. ಜುಲೈ ತಿಂಗಳಿಡೀ ಭಾನುವಾರದ ಬೆಳಗ್ಗೆ ತಾಯಿಯವರು ಪೂಜೆಯನ್ನು ಮುಗಿಸಿ ದೂರವಾಣಿಯ ಮುಂದೆ ಕುಳಿತುಕೊಳ್ಳುವರು. ಮೆಲ್ಬರ್ನಿನಿಂದ ಒಂದು ಅಂಕಿ ಬರುವುದು. ಅವರು ಅದನ್ನು ಪಂಚಾಂಗದ ಅಂಚಿನಲ್ಲಿ ಬರೆಸಿಡುವರು. ಆಗಸ್ಟ್ 13ರಂದು, ಹತ್ತು ವಾರಗಳ ತರುವಾಯ, ಗಡ್ಡಪ್ಪ ತಾನಾಗಿಯೇ ಪೊಟರೆಯಿಂದ ತಲೆಯನ್ನು ಹೊರಗೆ ಹಾಕಿ, ನೆತ್ತಿಯನ್ನು ಕಿಟಕಿಯ ಬೆಳಕಿಗೆ ಒಡ್ಡಿಕೊಂಡು ಕುಳಿತಿದೆಯೆಂಬ ಸುದ್ದಿ ಬಂದಿತು. ತೂಕ 388 ಗ್ರಾಂ. ಹತ್ತು ವಾರಗಳ ನಿದ್ರೆಯಲ್ಲಿ ಅದು ಕಳೆದುಕೊಂಡದ್ದು 18 ಗ್ರಾಂ ಮಾತ್ರ.

ಎಬ್ಬಿಸುವುದಕ್ಕೂ ಕ್ರಮವುಂಟು. ಮಲಗಿಸುವಾಗ ಇಳಿದ ಮೆಟ್ಟಿಲುಗಳನ್ನೇ ಈಗ ತಿರುಗಿ ಏರಬೇಕು. ಮೊದಲು ಬೆಳಕನ್ನು ದಿನದಿನಕ್ಕೆ ಹೆಚ್ಚಿಸಬೇಕು. ಅದರ ಜೊತೆಯಲ್ಲಿ ಬಿಸಿಯನ್ನು ಏರಿಸಬೇಕು. ಬೆಚ್ಚಗಿನ ನೀರಿನ ಸ್ನಾನವನ್ನು ಮಾಡಿಸಿ ಕುಡಿಯಲು ಬಿಡಬೇಕು. ಕಲ್ಲಿನ ಮೇಲೆ ಮೈ ಚೆನ್ನಾಗಿ ಕಾದು ಚುರುಕಾದ ಮೇಲೆಯೇ ಸ್ವಲ್ಪ ಸೊಪ್ಪು, ಒಂದೆರಡು ಸಣ್ಣ ಹುಳು. ಸುಣ್ಣದ ಅಂಶ ಮೈಗೆ ಹತ್ತಬೇಕಾದರೆ ನೇರಳಾತೀತ ಕಿರಣಗಳ ದೀಪವೂ ಬೇಕು. ಇದೆಲ್ಲಕ್ಕೂ ಒಂದು ವಾರ ಹಿಡಿಯುತ್ತದೆ. ಮಗು ಇಷ್ಟನ್ನೂ ಅಜ್ಜಿಗೆ ದೂರವಾಣಿಯಲ್ಲಿ ಒಪ್ಪಿಸಿ, ಮೂರು ತಿಂಗಳ ಹಿಂದಿನ ಪ್ರಶ್ನೆ ಇಂದು ಮತ್ತೆ ಬರುವುದೆಂದು ಭಾವಿಸಿದಂತೆ, “ಅಜ್ಜಿ, ಇನ್ನೂ ಊಟ ಹಾಕಿಲ್ಲ. ಬೈಬ್ಯಾಡ” ಎಂದಳು.

ತಾಯಿಯವರು ಕನ್ನಡಕವನ್ನು ಸರಿಪಡಿಸಿಕೊಂಡು, ಪರದೆಯ ಮೇಲೆ ಕಣ್ಣು ಪಿಳುಕಿಸುತ್ತಿದ್ದ ಗಡ್ಡಪ್ಪನನ್ನು ನೋಡಿದರು. “ಯಾಕ ಬೈಲಿ? ಹಗೇವು ಈಗ ತಗದೀರಿ. ಗಾಳಿ ಆಡಲಿ. ಅವಸರ ಮಾಡಬ್ಯಾಡ” ಎಂದರು. ಆಮೇಲೆ ನನ್ನ ಕಡೆಗೆ ತಿರುಗಿ, ಪಂಚಾಂಗವನ್ನು ಮುಂದಕ್ಕೆ ಸರಿಸಿ, 388 ಎಂದು ಬರೆಯಲು ಹೇಳಿದರು.